ಕೆಂಪು ಹುರಿ ಬಿಚ್ಚಿದ ಡಬ್ಬ

ಮುರುಗೇಶ, ನಿನಗೆ ಸರ್ಕಾರಿ ಬಸ್ಸಿನಲ್ಲಿ ಡ್ರೈವರ್ ಕೆಲಸ ಸಿಕ್ಕಿತೆಂದು ನಿನ್ನಪ್ಪ ಮೈಸೂರುಪಾಕು ಹಿಡಿದುಕೊಂಡು ಬಂದಾಗ ನಾನು ಎರಡು ತುಂಡು ತಿಂದೆ. ಬಾಯಿ ಸಿಹಿಯಾಯಿತು, ಮೂರನೆಯದನ್ನು ತಟ್ಟೆಯಲ್ಲೇ ಬಿಟ್ಟೆ. ಜೀವಮಾನವೆಲ್ಲ ಸ್ಟಿಯರಿಂಗ್ ಹಿಡಿದ ನಿಮ್ಮಜ್ಜಿಯ ತಮ್ಮ ನಾಲ್ಕು ಮಾತು ಹೇಳಬೇಕು ಅಂತ ನೀನೇ ಕೇಳಿದೆ. ಎದುರು ಕೂತು ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕೇ ಬರೆಸುತ್ತಿದ್ದೇನೆ.

ಮನೆಯಲ್ಲಿ ಆಡುವುದು ಕನ್ನಡವೇ ಆದರೂ ತಮಿಳುನಾಡಿನಲ್ಲಿ ಹುಟ್ಟಿ ಬೆಳೆದ ನಿನಗೂ ಕನ್ನಡ ಅಕ್ಷರ ಬಾರದು, ನನಗೂ ಬಾರದು. ನಾನು ಹೇಳುತ್ತೇನೆ, ನಂಜನಗೂಡಿನಿಂದ ಬಂದ ನನ್ನ ಸೊಸೆ ಗಿರಿಜೆ ಬರೆದುಕೊಳ್ಳುತ್ತಾಳೆ. ನನ್ನ ಮಾತಿನಲ್ಲಿ ಅರ್ಧ ತಮಿಳು ಇದೆ ಅಂತ ಅವಳು ತಲೆ ಬಾಚಿದ ಹಾಗೆ ಒಂದೊಂದೇ ಸಿಕ್ಕು ಬಿಡಿಸುತ್ತಾಳೆ. ನಮ್ಮ ಮಣ್ಣೆಣ್ಣೆಯನ್ನು ಸೀಮೆಎಣ್ಣೆ ಮಾಡುತ್ತಾಳೆ, ಮಾಡಲಿ. ತಮಿಳಿನಲ್ಲಿ ಬರೆಸಿದ್ದರೆ ನೀನೇ ಓದಿಕೊಳ್ಳುತ್ತಿದ್ದೆ. ಆದರೆ ತಮಿಳಿನಲ್ಲಿ ನಾನು ಟಿಕೆಟ್ಟು, ರಿಪೇರಿ, ಮೊದಲಾಳಿಯ, ಅಂದರೆ ಬಸ್ಸಿನ ಮಾಲೀಕರ, ಜೊತೆ ಜಗಳ ಇಷ್ಟೇ ಮಾತಾಡಿದವನು. ಇದು ಮನೆಯ ಸಂಗತಿ. ಗಿರಿಜೆಯೇ ನಿನಗೆ ಓದಿ ಹೇಳುತ್ತಾಳೆ.

ನಾನು ಯಾವಾಗ ಸೀನಿಯರ್ ಆದೆ, ಯಾರು ಶಾಲು ಹೊದಿಸಿದರು, ಅದೆಲ್ಲ ಬೇಡ. ಕೆಲಸ ನಿಜವಾಗಿ ಹೇಗಿತ್ತು ಅಂತ ಹೇಳುತ್ತೇನೆ.

ನಮ್ಮದು ಅನ್ನೂರಿನ ನೇಕಾರರ ಬೀದಿ. ನಮ್ಮಪ್ಪ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೆ ಮಾತ್ರ ಮೇಲೆ ಬರುವವರು. ನನಗೆ ಆ ಗುಣಿ ಕಂಡರೆ ಆಗುತ್ತಿರಲಿಲ್ಲ. ಕೊಯಮತ್ತೂರಿಗೆ ಬಸ್ಸು ಓಡಿಸುತ್ತಿದ್ದ ಮೊದಲಾಳಿಯ ಶೆಡ್ಡಿಗೆ ಹೋಗಿ ಬಸ್ಸು ತೊಳೆಯುವ ಕೆಲಸಕ್ಕೆ ನಿಂತೆ. ಅಪ್ಪ ಆರು ತಿಂಗಳು ಮಾತು ಬಿಟ್ಟರು. ಮುಂದೆ ನನಗೆ ಲೈಸೆನ್ಸ್ ಬಂದಾಗ ಬೀದಿಯವರಿಗೆಲ್ಲ ತಾವೇ ಹೇಳಿಕೊಂಡು ಬಂದರು.

ಆಗಿನ ಬಸ್ಸು ಅಂದರೆ ಮರದ ಗೂಡು, ಪಕ್ಕಕ್ಕೆ ಕ್ಯಾನ್ವಾಸ್ ಪರದೆ, ಕೂರಲು ಹಲಗೆ. ಮುಂದೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಬೇಕು, ಆಗ ಇಂಜಿನ್ ಏಳುತ್ತದೆ. ಮೊದಲ ದಿನ ನಾನು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವೆತುಹೋದೆ, ಇಂಜಿನ್ ಕೆಮ್ಮಲೂ ಇಲ್ಲ. ಇಪ್ಪತ್ತು ಜನ ಇಳಿದು ಕೋವಿಲ್‌ಪಾಳ್ಯದ ತನಕ ತಳ್ಳಿದರು. ಅಲ್ಲಿ ಒಬ್ಬ ಎಲೆ ವ್ಯಾಪಾರಿ ಬಾಗಿ ನೋಡಿ, “ಪೆಟ್ರೋಲ್ ಕೊಳಾಯಿ ಮುಚ್ಚಿದೆಯಲ್ಲಪ್ಪಾ, ಬಾಯಿ ಕಟ್ಟಿ ಎತ್ತನ್ನ ಓಡಿಸ್ತಾ ಇದ್ದೀಯ” ಅಂದ. ವರ್ಷಗಟ್ಟಲೆ ನಾನು ‘ಕೊಳಾಯಿ ಡ್ರೈವರ್’ ಆಗಿದ್ದೆ. ಆ ಕಾಲದ ನನ್ನ ತಪ್ಪುಗಳೆಲ್ಲ ಹೀಗೆ, ನಗಿಸಿ ಹೋಗುವಂಥವು.

ಆಗ ಪೆಟ್ರೋಲಿನ ಚಿಂತೆ ಯಾರಿಗೂ ಇರಲಿಲ್ಲ. ಒಂದೇ ರಸ್ತೆಗೆ ಮೂರು ನಾಲ್ಕು ಮೊದಲಾಳಿಗಳ ಬಸ್ಸು, ಜನರನ್ನು ಹತ್ತಿಸಿಕೊಳ್ಳಲು ಪೈಪೋಟಿ. ಮನೆ ಬಾಗಿಲಿಗೇ ಹೋಗಿ ಹಾರನ್ ಹೊಡೆಯುತ್ತಿದ್ದೆವು. ಒಳಗಿನಿಂದ ಹೆಂಗಸೊಬ್ಬಳು “ಜಡೆ ಹಾಕ್ಕೊಂಡು ಬಂದೆ” ಅಂದರೆ ಅವಳು ಹೂ ಮುಡಿದು ಬರುವ ತನಕ ಇಂಜಿನ್ ಗುರುಗುಡುತ್ತಲೇ ಇರುತ್ತಿತ್ತು. ಈಗ ನೆನೆಸಿಕೊಂಡರೆ ಸಂಕಟವಾಗುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಂದಕ್ಕೆ ಬೇಕಾಗುತ್ತದೆ. ಡಬ್ಬದಿಂದ ಟ್ಯಾಂಕಿಗೆ ಎಣ್ಣೆ ಸುರಿಯುವುದು, ಪೈಪು ಕಟ್ಟಿಕೊಂಡರೆ ಬಾಯಿಂದ ಹೀರಿ ಉಗುಳುವುದು, ಎಲ್ಲ ನಾವೇ. ಐದಾರು ವರ್ಷದಲ್ಲಿ ನನ್ನ ಮೂಗು ಸತ್ತುಹೋಯಿತು. ಒಲೆಯ ಮೇಲೆ ಒಗ್ಗರಣೆ ಸೀದು ಕರಕಾದರೂ ಪಕ್ಕದಲ್ಲಿ ಕೂತ ನನಗೆ ತಿಳಿಯುತ್ತಿರಲಿಲ್ಲ. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಮೂಗಿಲ್ಲದ ಡ್ರೈವರ್ ಅಂತ ಇನ್ನೊಂದು ಹೆಸರು ಬರುವುದು ಬೇಡ ಅಂತ.

ಮೂವತ್ತೊಂಬತ್ತರಲ್ಲಿ ಯುದ್ಧ ಶುರುವಾಯಿತು. ಎಲ್ಲೋ ಸಮುದ್ರದಾಚೆಯ ಜಗಳ, ನಮಗೇನು ಅಂದುಕೊಂಡೆವು. ಹದಿನೈದು ದಿನ ಆಗಿರಲಿಲ್ಲ, ಮೊದಲಾಳಿ ಶೆಡ್ಡಿಗೆ ಬಂದು ಡಬ್ಬಗಳ ಮುಂದೆ ಸಾವಿನ ಮನೆಯಲ್ಲಿ ನಿಂತವರ ಹಾಗೆ ನಿಂತರು. ಪೆಟ್ರೋಲಿನ ಬೆಲೆ ವಾರ ವಾರ ಏರುತ್ತಿತ್ತು. ಏರಿದ ಬೆಲೆ ಕೊಡುತ್ತೇವೆ ಅಂದರೂ ವ್ಯಾಪಾರಿಗಳು ಇಲ್ಲ ಅನ್ನುತ್ತಿದ್ದರು, ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡೇ.

ಮೊದಲಾಳಿ ಕೆಟ್ಟವರಲ್ಲ. ಎರಡು ಬಸ್ಸಿಟ್ಟುಕೊಂಡು ಬದುಕುತ್ತಿದ್ದ ಮನುಷ್ಯ. ಆದರೆ ಹೆದರಿದ ಮನುಷ್ಯ ಮಾಡುವ ಕಾನೂನು ಹೇಗಿರುತ್ತದೆ ಅಂತ ನೀನು ತಿಳಿದಿರಬೇಕು. ಮಧ್ಯಾಹ್ನದ ಟ್ರಿಪ್ಪು ರದ್ದು. ಸಂಜೆ ಶೆಡ್ಡಿಗೆ ಬಂದ ಮೇಲೆ ಟ್ಯಾಂಕು ಬಸಿದು ಎಣ್ಣೆಯನ್ನು ಡಬ್ಬದಲ್ಲಿ ಒಳಗಿಡಬೇಕು, ಯಾರೂ ಕದಿಯದ ಹಾಗೆ. ಇಳಿಜಾರು ಬಂದರೆ ಇಂಜಿನ್ ಆರಿಸಿ ಗಾಡಿಯನ್ನು ಹಾಗೇ ಬಿಡಬೇಕು. ಆ ಮೌನದಲ್ಲಿ ಬಸ್ಸು ಜಾರುವಾಗ ಹಿಂದೆ ಜನ ದೇವರ ಹೆಸರು ಹೇಳುವುದು ಕೇಳುತ್ತಿತ್ತು. ನನಗೆ ಅದರಲ್ಲಿ ಕೈ ಪಳಗಿತು. “ರಾಮಲಿಂಗನ ಕೈಯಲ್ಲಿ ಕೊಟ್ಟರೆ ಎಣ್ಣೆ ಕರಗೋದೇ ಇಲ್ಲ” ಅಂತ ಮೊದಲಾಳಿ ಇನ್ನೊಬ್ಬ ಡ್ರೈವರಿನ ಮುಂದೆ ಹೇಳಿದರು. ಎದೆ ಉಬ್ಬಿತು ಮುರುಗೇಶ. ಆ ಉಬ್ಬಿದ ಎದೆಯೇ ನನ್ನನ್ನು ಕೆಡಿಸಿತು.

ಟಿಕೆಟ್ಟಿನ ಬೆಲೆ ಏರಿದ ಮೇಲೆ ಜನ ನಡೆಯತೊಡಗಿದರು. ಸರವಣಂಪಟ್ಟಿಯಿಂದ ತರಕಾರಿ ಬುಟ್ಟಿ ಹೊತ್ತು ಬರುವ ಮುದುಕಿಯೊಬ್ಬಳು ದಿನಾ ನನ್ನ ಸೀಟಿನ ಹಿಂದೆಯೇ ಕೂತು ಸೊಸೆಯನ್ನು ಬೈಯುತ್ತಿದ್ದಳು. ಒಂದು ಬೆಳಗ್ಗೆ ಅವಳು ರಸ್ತೆಯ ಅಂಚಿನಲ್ಲಿ ಬುಟ್ಟಿ ಹೊತ್ತು ನಡೆಯುತ್ತಿದ್ದಳು. ನಾನು ಗಾಡಿ ನಿಧಾನ ಮಾಡಿದೆ. ಅವಳು ತಿರುಗಿ ಕೈ ಬೀಸಿ, “ಹೋಗು ಸಾಮಿ, ನಿಲ್ಲಿಸಿದ್ರೆ ನಿನ್ನ ಎಣ್ಣೆ ದಂಡ” ಅಂದಳು. ಅರ್ಧ ಬಸ್ಸು ಖಾಲಿ ಇತ್ತು. ಆದರೂ ಹೋದೆ. ಕನ್ನಡಿಯಲ್ಲಿ ನೋಡಿದರೆ ನಮ್ಮ ಹೊಗೆಯೊಳಗೆ ಅವಳು ಕಾಣಲೇ ಇಲ್ಲ.

ಹೊಗೆ ಯಾಕೆ ಅಷ್ಟು ಅಂದರೆ, ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವುದು ಶುರುವಾಗಿತ್ತು. ಬರೀ ಸೀಮೆಎಣ್ಣೆ ಹಾಕಿದರೆ ತಣ್ಣಗಿನ ಇಂಜಿನ್ ಏಳುವುದೇ ಇಲ್ಲ, ಹ್ಯಾಂಡಲ್ ಮುರಿದರೂ ಏಳುವುದಿಲ್ಲ. ಅರ್ಧಕ್ಕರ್ಧ ಪೆಟ್ರೋಲ್ ಇದ್ದರೆ ಏಳುತ್ತದೆ. ಹಾಗಾಗಿ ಬಸ್ಸಿನಲ್ಲಿ ಎರಡು ಡಬ್ಬ. ಒಂದರಲ್ಲಿ ಇಂಜಿನ್ ಏಳಿಸಲು ಬೆರೆಸಿದ ಎಣ್ಣೆ, ಒಂದರಲ್ಲಿ ಇಂಜಿನ್ ಕಾದ ಮೇಲೆ ಸುರಿಯಲು ಬರೀ ಸೀಮೆಎಣ್ಣೆ. ಡಬ್ಬ ಎರಡೂ ಒಂದೇ ಥರ. ಗುರುತಿಗೆ ಬೆರೆಸಿದ ಡಬ್ಬದ ಹಿಡಿಗೆ ಕೆಂಪು ಹುರಿ ಕಟ್ಟಿದ್ದೆವು. ಆ ಹುರಿಯನ್ನು ಮಗ್ಗದಲ್ಲಿ ಉಳಿದ ಕೆಂಪು ನೂಲಿನ ತುದಿಗಳಿಂದ ಹೊಸೆದುಕೊಟ್ಟವಳು ನನ್ನ ಅಕ್ಕ ಚೌಡಮ್ಮ, ನಿನ್ನ ಅಜ್ಜಿ.

ಅವಳು ನಮ್ಮ ಬೀದಿಯ ಕೊನೆಯ ಮನೆಗೇ ಸೊಸೆಯಾಗಿ ಹೋದವಳು. ನಂಜಪ್ಪ ಬಾವನಿಗೆ ಗೂರಲು, ಮಗ್ಗದಲ್ಲಿ ಹೊತ್ತುಗಟ್ಟಲೆ ಕೂರಲಾಗದು. ಅಕ್ಕನೇ ಗುಣಿಗಿಳಿದು ನೇಯುತ್ತಿದ್ದಳು. ನೀನು ಅವಳ ಕೈಯನ್ನು ಮುದುಡಿದ ಎಲೆಯ ಹಾಗೆ ಮಾತ್ರ ನೋಡಿದ್ದೀಯ. ನಾನು ಆ ಕೈ ಲಾಳಿಯ ಹಗ್ಗ ಎಳೆಯುವುದನ್ನು ನೋಡಿದ್ದೇನೆ. ಅವಳು ನೇಯ್ದ ಸೀರೆಯ ಅಂಚನ್ನು ಕೊಯಮತ್ತೂರಿನ ಅಂಗಡಿಯವರು ಬೆಳಕಿಗೆ ಹಿಡಿದು ನೋಡಿ ಪಕ್ಕದವನಿಗೂ ತೋರಿಸುತ್ತಿದ್ದರು.

ಆ ವರ್ಷ ದೀಪಾವಳಿಗೆ ಮೊದಲೇ ಮಳೆ ಹಿಡಿಯಿತು. ಮಗ್ಗದ ಕೋಣೆಗೆ ಇರುವುದು ಒಂದೇ ಗವಾಕ್ಷಿ. ಮೋಡ ಕವಿದರೆ ನಡು ಮಧ್ಯಾಹ್ನವೂ ಎಳೆ ಕಾಣದು, ಬುಡ್ಡಿ ದೀಪ ಬೇಕೇ ಬೇಕು. ಅಂಗಡಿಗಳಲ್ಲಿ ಸೀಮೆಎಣ್ಣೆ ಇಲ್ಲ. ಎಲ್ಲಿ ಹೋಯಿತು? ನಮ್ಮಂಥ ಬಸ್ಸುಗಳ ಹೊಟ್ಟೆಗೂ ಹೋಯಿತು. ಬೀದಿಯಲ್ಲಿ ಒಂದೊಂದೇ ಮಗ್ಗ ನಿಂತಿತು. ಹಬ್ಬಕ್ಕೆ ಕೊಡಬೇಕಾದ ಎರಡು ಸೀರೆ ಅಕ್ಕನ ಮಗ್ಗದ ಮೇಲೆ ಅರ್ಧಕ್ಕೆ ನಿಂತಿದ್ದವು. ಅದರಲ್ಲೇ ಅವರ ಮನೆಯ ಮುಂದಿನ ತಿಂಗಳ ಊಟವಿತ್ತು. ತೊಟ್ಟಿಲಲ್ಲಿ ನಿನ್ನಪ್ಪ ಎಂಟು ತಿಂಗಳ ಕೂಸು.

“ನಿನ್ ಬಸ್ಸಿಗೆ ದಾಹ ಜಾಸ್ತಿ ಕಣೋ ತಮ್ಮಾ, ನಮ್ ದೀಪಾನೂ ಕುಡಿದುಬಿಡ್ತು” ಅಂದಳು ಅಕ್ಕ. ನಕ್ಕೇ ಅಂದದ್ದು. ನನಗೆ ನಗಲು ಆಗಲಿಲ್ಲ.

ಹಬ್ಬಕ್ಕೆ ಎರಡು ದಿನ ಇರುವಾಗ ಬಾವ ಕೊಯಮತ್ತೂರಿನಿಂದ ನೂಲಿನ ಗಂಟು ತಂದು ನನ್ನ ಬಸ್ಸಿನ ಮೇಲೆ ಹಾಕಿದರು. ಸರವಣಂಪಟ್ಟಿ ದಾಟಿದ ಮೇಲೆ ಮಳೆ, ಗಾಳಿ. ಮೇಲೆ ಕಟ್ಟಿದ್ದ ಹಗ್ಗ ಪಟ್ಟನೆ ಹರಿಯಿತು. ನೂಲು ಕೆಸರಿಗೆ ಬಿದ್ದರೆ ಬಾವನ ಗತಿ ಮುಗಿದ ಹಾಗೆ. ಕೈಗೆ ಬೇರೇನೂ ಸಿಗಲಿಲ್ಲ. ಡಬ್ಬದ ಕೆಂಪು ಹುರಿ ಬಿಚ್ಚಿ ಗಂಟನ್ನು ಬಿಗಿದೆ. ಊರು ಸೇರಿದ ಮೇಲೆ ಮತ್ತೆ ಕಟ್ಟಿದರಾಯಿತು ಅಂದುಕೊಂಡೆ. ಊರು ಸೇರಿದಾಗಲೂ ಮಳೆ ನಿಂತಿರಲಿಲ್ಲ. ಬಾವ ಗಂಟನ್ನು ಹುರಿಯ ಸಮೇತ ತಲೆಯ ಮೇಲೆ ಹೊತ್ತು ಓಡಿದರು. ನಾನು ಡಬ್ಬಗಳನ್ನು ಶೆಡ್ಡಿನೊಳಗಿಟ್ಟು ಮನೆಗೆ ಹೋದೆ. ಮರೆತೆ. ಅಷ್ಟೇ, ಮರೆತೆ.

ಹಬ್ಬದ ಹಿಂದಿನ ದಿನ ಮೊದಲಾಳಿ ನನ್ನನ್ನು ಕರೆದರು. ಪ್ರತಿ ವರ್ಷ ಪಂಚೆ ಕೊಡುತ್ತಿದ್ದವರು ಈ ಸಲ ಬರಿಗೈ. ಅವರಿಗೇ ನಾಚಿಕೆಯಾಗಿತ್ತು. “ನಿಮ್ಮಕ್ಕನ ಮಗ್ಗ ದೀಪ ಇಲ್ಲದೆ ನಿಂತಿದೆಯಂತಲ್ಲಪ್ಪಾ. ಒಳಗೆ ಡಬ್ಬದಲ್ಲಿ ಮಣ್ಣೆಣ್ಣೆ ಇದೆ, ಹುರಿ ಇಲ್ಲದ್ದನ್ನ ನೋಡಿ ತಗೊಂಡು ಹೋಗು. ಇದೇ ನನ್ನ ದೀಪಾವಳಿ ಅಂತ ಇಟ್ಕೋ” ಅಂದರು. ಹೇಳಿ ಅವರು ಹಬ್ಬದ ಸಾಮಾನಿಗೆ ಕೊಯಮತ್ತೂರಿಗೆ ಹೊರಟುಹೋದರು.

ಶೆಡ್ಡಿನಲ್ಲಿ ಒಂದೇ ಡಬ್ಬ ಇತ್ತು. ಹಿಡಿಗೆ ಹುರಿ ಇರಲಿಲ್ಲ. ಇನ್ನೊಂದನ್ನು ಬೆಳಗ್ಗೆ ಇನ್ನೊಬ್ಬ ಡ್ರೈವರ್ ತನ್ನ ಬಸ್ಸಿಗೆ ಒಯ್ದಿದ್ದ. ಒಯ್ದದ್ದು ಹುರಿಯ ಡಬ್ಬವೇ ಇರಬೇಕು, ಉಳಿದದ್ದು ಸೀಮೆಎಣ್ಣೆಯೇ ಸರಿ ಅಂತ ನನ್ನ ಲೆಕ್ಕ. ಹಿಂದಿನ ದಿನವಷ್ಟೇ ಇದೇ ಕೈ ಆ ಹುರಿ ಬಿಚ್ಚಿತ್ತು ಅನ್ನುವುದು ಆ ಗಳಿಗೆಗೆ ತಲೆಗೆ ಬರಲಿಲ್ಲ.

ನಮ್ಮಲ್ಲಿ ದೀಪಾವಳಿಗೆ ತವರಿನಿಂದ ಹೆಣ್ಣುಮಗಳಿಗೆ ಸೀರೆ ಹೋಗಬೇಕು. ಆ ವರ್ಷ ನನ್ನ ಕೈಯಲ್ಲಿ ಸೀರೆ ಇರಲಿಲ್ಲ. ಡಬ್ಬದ ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಂದು ಮೊಳ ಹೂವಿಟ್ಟು, ಮಧ್ಯಾಹ್ನ ಮೂರರ ಸುಮಾರಿಗೆ ಅಕ್ಕನ ಮುಂದೆ ಇಟ್ಟೆ. “ಇದೇ ನಿನ್ ತವರಿನ ಸೀರೆ” ಅಂದೆ. ಅಕ್ಕನ ಕಣ್ಣು ತುಂಬಿತು. “ಸೀರೆ ಉಟ್ರೆ ನಾನೊಬ್ಳು ಉಡ್ತಿದ್ದೆ. ಇದ್ರಲ್ಲಿ ಎಲ್ರೂ ಉಣ್ತೀವಿ” ಅಂದಳು.

ಬುಡ್ಡಿಗೆ ಎಣ್ಣೆ ಸುರಿಯುವಾಗ ಅವಳ ಕೈ ನಿಂತಿತು.

“ಏನ್ ತಮ್ಮಾ, ವಾಸನೆ ಬೇರೆ ಥರ ಇದೆಯಲ್ಲೋ.”

“ಯುದ್ಧದ ಕಾಲದ ಎಣ್ಣೆ ಅಕ್ಕಾ. ಹಂಗೇ ಇರುತ್ತೆ.”

“ಇಲ್ವೋ, ಮೂಗಿಗೆ ಏರ್ತಾ ಇದೆ. ನೀನು ಬಸ್ಸಿಂದ ಇಳಿದು ಬಂದಾಗ ನಿನ್ ಅಂಗಿ ಹೆಂಗ್ ನಾರುತ್ತೆ, ಹಂಗಿದೆ. ಒಂದ್ಸಲ ಮೂಸಿ ನೋಡು.”

ಬುಡ್ಡಿಯನ್ನು ನನ್ನ ಮುಖದ ಹತ್ತಿರ ಹಿಡಿದಳು. ನಾನು ಮೂಸಿದ ಹಾಗೆ ಮಾಡಿದೆ. ನನಗೆ ಏನೂ ತಿಳಿಯಲಿಲ್ಲ. ತಿಳಿಯಲಿಲ್ಲ ಅಂತ ಹೇಳಬಹುದಿತ್ತು. ಹೇಳಲಿಲ್ಲ.

“ಇಷ್ಟು ವರ್ಷದಿಂದ ಎಣ್ಣೇಲಿ ಮುಳುಗಿ ಏಳ್ತಾ ಇದ್ದೀನಿ, ನನಗೆ ಗೊತ್ತಾಗಲ್ವಾ? ನೀನು ನಿನ್ ಲಾಳಿ ನೋಡ್ಕೋ ಅಕ್ಕಾ” ಅಂದೆ.

“ಸರಿ ಬಿಡು, ನಿನಗೇ ಗೊತ್ತು” ಅಂದಳು. ಬುಡ್ಡಿ ಹಿಡಿದು ಮಗ್ಗದ ಕೋಣೆಗೆ ಹೋದಳು. ಬಾವ ಹಿತ್ತಲಲ್ಲಿ ನೂಲಿಗೆ ಗಂಜಿ ಹಾಕುತ್ತಿದ್ದರು. ನಾನು ಜಗುಲಿಯಲ್ಲಿ ಕೂತು ಅವಳು ಕೊಟ್ಟ ಮುರುಕು ಬಾಯಿಗೆ ಹಾಕಿಕೊಂಡೆ. ಒಳಗೆ ಬುಸ್ಸೆಂದು ಒಂದು ಸದ್ದು. ಆಮೇಲೆ ಅಕ್ಕನ ಕೂಗು.

ಬೆಂಕಿ ಬತ್ತಿಯಿಂದ ಒಳಗಿಳಿದು ಬುಡ್ಡಿ ಅವಳ ಕೈಯಲ್ಲೇ ಸಿಡಿದಿತ್ತು. ಎರಡೂ ಕೈ ಉರಿಯುತ್ತಿದ್ದವು, ಮಗ್ಗದ ಮೇಲಿನ ಸೀರೆಯೂ. ನಾನು ಕಂಬಳಿ ಸುತ್ತಿದೆ. ಬಾವ ಕೊಡ ತಂದರು. ಅದಕ್ಕಿಂತ ಹೆಚ್ಚು ಬರೆಸಲಾರೆ, ಗಿರಿಜೆಯೂ ಪೆನ್ನು ಕೆಳಗಿಟ್ಟಿದ್ದಾಳೆ.

ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಒಯ್ಯಬೇಕು. ಮಧ್ಯಾಹ್ನದ ಟ್ರಿಪ್ಪು ಯಾವತ್ತೋ ರದ್ದಾಗಿತ್ತು. ಎತ್ತಿನ ಗಾಡಿಯಾದರೆ ಕತ್ತಲಾಗುತ್ತದೆ. ಆವತ್ತು ಓಡದ ನನ್ನ ಬಸ್ಸು ಶೆಡ್ಡಿನ ಮುಂದೆ ನಿಂತಿತ್ತು, ಹಿಂದಿನ ಸಂಜೆಯೇ ಟ್ಯಾಂಕು ಬಸಿದಾಗಿತ್ತು. ಊರಿನಲ್ಲಿ ಒಂದು ತೊಟ್ಟು ಪೆಟ್ರೋಲ್ ಇಲ್ಲ. ಇದ್ದದ್ದು ಅಕ್ಕನ ಮನೆಯ ಡಬ್ಬ ಒಂದೇ. ಬರೀ ಸೀಮೆಎಣ್ಣೆಗೆ ತಣ್ಣಗಿನ ಇಂಜಿನ್ ಏಳುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ತಳದಲ್ಲಿ ಪೆಟ್ರೋಲಿನ ಪಸೆ ಇದ್ದರೆ ಹಿಡಿಯಬಹುದೇನೋ ಅನ್ನುವ ಆಸೆ. ಡಬ್ಬವನ್ನು ಟ್ಯಾಂಕಿಗೆ ಬಗ್ಗಿಸಿದೆ. ಅಕ್ಕನನ್ನು ಹಲಗೆಯ ಮೇಲೆ ಮಲಗಿಸಿ ಬಾವ ಹಿಡಿದುಕೊಂಡರು. ದೇವರೇ ಒಂದು ಸಲ ಹಿಡಿಸು ಅಂತ ಬೇಡಿಕೊಂಡು ಹ್ಯಾಂಡಲ್ ತಿರುಗಿಸಿದೆ.

ಒಂದೇ ತಿರುವಿಗೆ ಇಂಜಿನ್ ಎದ್ದಿತು.

ಇಂಜಿನ್ ಎದ್ದರೆ ಖುಷಿಪಡದ ಡ್ರೈವರ್ ಇಲ್ಲ. ನಾನು ಹ್ಯಾಂಡಲ್ ಹಿಡಿದು ಅಲ್ಲೇ ನಿಂತುಬಿಟ್ಟೆ. ಆ ಸದ್ದು ಕೇಳಿದಾಗಲೇ ನನಗೆ ಎಲ್ಲ ತಿಳಿದದ್ದು. ಹುರಿ, ಮಳೆ, ನೂಲಿನ ಗಂಟು, ಎಲ್ಲ. ಬಾವ ಒಳಗಿನಿಂದ, “ದೇವರು ದೊಡ್ಡೋನು ರಾಮಲಿಂಗಾ, ಒಂದೇ ಸಲಕ್ಕೆ ಎದ್ದುಬಿಡ್ತು, ಹತ್ತು ಹತ್ತು” ಅಂತ ಕೂಗಿದರು.

ದಾರಿಯುದ್ದಕ್ಕೂ ನಾನು ಹಿಂದೆ ತಿರುಗಲಿಲ್ಲ. ಆವತ್ತು ಒಂದು ಇಳಿಜಾರಿನಲ್ಲೂ ಇಂಜಿನ್ ಆರಿಸಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ತಮಿಳಿನಲ್ಲಿ ಕೇಳಿದರು, ಎಣ್ಣೆ ಯಾವುದು, ಎಲ್ಲಿ ತಂದದ್ದು ಅಂತ. ಮಲಗಿದ್ದ ಅಕ್ಕ ನನ್ನ ಮುಖವನ್ನೇ ನೋಡಿದಳು. ಆ ನೋವಿನಲ್ಲೂ ನನಗಿಂತ ಮೊದಲು ಅವಳೇ ಹೇಳಿದಳು: “ನನ್ ಕೈಯೇ ತಾಗಿ ದೀಪ ಬಿದ್ದೋಯ್ತು ಸಾಮಿ. ನನ್ನದೇ ಗಮನ ಇರಲಿಲ್ಲ.”

ಅವಳಿಗೆ ಗೊತ್ತಿತ್ತು. ಮೂಸಿದವಳು ಅವಳಲ್ಲವೇ.

ನಾನು ಮೊದಲಾಳಿಗೆ ನಿಜ ಹೇಳಿದೆ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು. “ಹೊರಗೆ ಬಾಯಿ ಬಿಡಬೇಡ. ನೀನೂ ಜೈಲಿಗೆ, ನಾನೂ ಜೈಲಿಗೆ” ಅಂದರು. ಮುಂದಿನ ವಾರ ಎಲ್ಲ ಡಬ್ಬಗಳಿಗೂ ಬೇರೆ ಬೇರೆ ಬಣ್ಣ ಬಳಿಸಿದರು. ನಮ್ಮ ಕೆಲಸದಲ್ಲಿ ಹೊಸ ಪದ್ಧತಿ ಬರುವುದು ಹೀಗೆ ಮುರುಗೇಶ, ಯಾರದೋ ಕೈ ಸುಟ್ಟ ಮೇಲೆ. ಆಮೇಲೆ ಪೆಟ್ರೋಲಿಗೆ ರೇಷನ್ ಬಂತು, ಇದ್ದಿಲ ಗ್ಯಾಸಿನಲ್ಲಿ ಬಸ್ಸು ಓಡಿಸಿದೆವು, ಮಸಿ ಬಳಿದುಕೊಂಡ ಮುಖದಲ್ಲಿ ಮನೆಗೆ ಬಂದೆವು. ಅದನ್ನೆಲ್ಲ ಬೇರೆ ಡ್ರೈವರುಗಳು ಹೇಳಿಕೊಂಡು ನಗುತ್ತಾರೆ. ನನಗೆ ಆ ನಗು ಬರಲಿಲ್ಲ.

ಅಕ್ಕ ಆಸ್ಪತ್ರೆಯಿಂದ ಬಂದ ದಿನ ಬಾವ ನನ್ನ ಕೈಗೆ ಏನನ್ನೋ ಕೊಟ್ಟರು. ಕೆಂಪು ಹುರಿ. ಒಪ್ಪವಾಗಿ ಸುತ್ತಿಟ್ಟಿದ್ದರು. “ನೂಲಿನ ಗಂಟಲ್ಲಿತ್ತು ರಾಮಲಿಂಗಾ, ನಿಂದೇ ಅಲ್ವಾ? ಆವತ್ತು ನೀನು ಕಟ್ಟದೆ ಹೋಗಿದ್ರೆ ನೂಲೆಲ್ಲ ಕೆಸರಾಗಿಬಿಡ್ತಿತ್ತು” ಅಂದರು. ಆ ನೂಲು ನೇಯುವವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಮಗ್ಗ ಮಾರಿದರು. ಬಾವ ಎರಡು ವರ್ಷದೊಳಗೆ ಹೋದರು. ನಿನ್ನಪ್ಪ ಶಾಲೆ ಬಿಟ್ಟು ಮಿಲ್ಲಿಗೆ ಸೇರಿದ್ದು ನಿನಗೆ ಗೊತ್ತು. ಯಾಕೆ ಅಂತ ಈಗ ಗೊತ್ತಾಯಿತು.

ಅಲ್ಲಿಂದಾಚೆ ಪ್ರತಿ ದೀಪಾವಳಿಗೂ ಅಕ್ಕನಿಗೆ ಸೀರೆ ಒಯ್ದೆ. ಸೀರೆ ನೇಯುತ್ತಿದ್ದವಳಿಗೆ ಅಂಗಡಿಯ ಸೀರೆ. ಬೆರಳು ಅಂಟಿಕೊಂಡ ಆ ಎರಡು ಕೈಯಿಂದ ಎತ್ತಿಕೊಂಡು ಮೊದಲು ಮೂಗಿಗೆ ಹಿಡಿಯುತ್ತಿದ್ದಳು. ಹೊಸ ನೂಲಿನ ಗಂಜಿಯ ವಾಸನೆಗೋ, ನಾನು ತಂದದ್ದು ಅಂತಲೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಹೋದ ವರ್ಷ ಅವಳೂ ಹೋದಳು. ಮನಸ್ಸಿಗೆ ಸಮಾಧಾನ ಬರುತ್ತದೆ ಅಂತ ಕಾದೆ, ಬರಲಿಲ್ಲ. ನನ್ನ ರಿಟೈರ್ಮೆಂಟಿನ ದಿನ, ಇಷ್ಟು ವರ್ಷದಲ್ಲಿ ಒಂದು ಅಪಘಾತವನ್ನೂ ಮಾಡದ ಡ್ರೈವರ್ ಅಂತ ಶಾಲು ಹೊದಿಸಿದರು. ಅಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳ ಕೈಗೆ ಚಪ್ಪಾಳೆ ತಟ್ಟಲು ಬರುತ್ತಿರಲಿಲ್ಲ.

ಈಗ ಮತ್ತೆ ಪೆಟ್ರೋಲಿನ ಬೆಲೆ ಏರುತ್ತಿದೆ, ಸೀಮೆಎಣ್ಣೆಗೆ ಕ್ಯೂ ನಿಂತಿದೆ. ಎಣ್ಣೆ ಉಳಿಸಿದ ಡ್ರೈವರನ್ನು ಡಿಪೋದಲ್ಲಿ ಹೊಗಳುತ್ತಾರೆ, ನಿನ್ನನ್ನೂ ಹೊಗಳುತ್ತಾರೆ. ಆಗ ನನ್ನನ್ನು ನೆನೆಸಿಕೋ.

ಇನ್ನು ಒಂದೇ ಮಾತು. ನಿಮ್ಮ ಮನೆಯಲ್ಲಿ ಯಾರ ಕೈಯಿಂದ ಲೋಟ ಜಾರಿದರೂ “ಅಜ್ಜಿ ಕೈ ಬಂತು ನೋಡು” ಅಂತ ಎಲ್ಲರೂ ನಗುತ್ತೀರಿ. ಚಿಕ್ಕಂದಿನಿಂದ ನೀನೂ ನಕ್ಕಿದ್ದೀಯ. ಅವಳೂ ನಿಮ್ಮ ಜೊತೆ ಸೇರಿ ನಗುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದೆ. ಇನ್ನು ಹಾಗೆ ನಗಬೇಡಿ ಮುರುಗೇಶ. ನಿನ್ನ ಅಜ್ಜಿ ದೀಪ ಬೀಳಿಸಲಿಲ್ಲ.